ಉಪ್ಪು ಹಾಕದೆ ಹೊರಡುವ ಅಕ್ಕ

ಬೆಳಕು ಇನ್ನೂ ಕಿಟಕಿಯ ಸರಳುಗಳನ್ನು ಎಣಿಸುವಷ್ಟು ಬಂದಿಲ್ಲ. ಮೂರನೇ ಮಹಡಿಯ ಅಡುಗೆಮನೆಯಲ್ಲಿ ಮಾತ್ರ ದೀಪ ಹೊತ್ತಿದೆ. ಸಿಂಕಿನ ಮುಂದೆ ನಿಂತ ಹೆಂಗಸು ಮೊಣಕೈವರೆಗೆ ಕೈ ತೊಳೆದು, ಸೆರಗಿಗಲ್ಲ, ತಾವೇ ತಂದ ಬಟ್ಟೆಗೆ ಒರೆಸಿಕೊಂಡು, ಕಣ್ಣು ಮುಚ್ಚಿ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾರೆ. ತುಟಿ ಅಲುಗುತ್ತದೆ. ಏನು ಹೇಳಿಕೊಂಡರೆಂಬುದು ಅವರಿಗೂ ಮೇಲಿನವನಿಗೂ ಬಿಟ್ಟದ್ದು. ಕಣ್ಣು ತೆರೆದ ಮೇಲೆ ಆ ಕೈಗಳಿಗೆ ಬಿಡುವೆಂಬುದಿಲ್ಲ.

ಮೊದಲು ಒಲೆ. ರಾತ್ರಿಯೇ ನೆನೆಹಾಕಿದ್ದ ಕಾಳು ದೊಡ್ಡ ಪಾತ್ರೆಯಲ್ಲಿ ಬೇಯಲು ಕೂರುತ್ತದೆ. ಪಾತ್ರೆಯ ಬಾಯಿಗೆ ತೂತಿನ ತಟ್ಟೆ, ತಟ್ಟೆಯ ತುಂಬ ಆಲೂಗಡ್ಡೆ, ಅದರ ಮೇಲೆ ಮುಚ್ಚಳ. ಕೆಳಗಿನ ಹಬೆಯಲ್ಲೇ ಮೇಲಿನದೂ ಬೇಯುತ್ತದೆ. ಒಂದು ಉರಿಗೆ ಎರಡು ಕೆಲಸ. ಆಮೇಲೆ ಹೆಚ್ಚುವ ಮಣೆ. ಮಣೆ ಜಾರದಂತೆ ಅಡಿಯಲ್ಲಿ ಒದ್ದೆ ಬಟ್ಟೆ. ಕಸದ ಬುಟ್ಟಿಗೆ ಓಡಾಡದಂತೆ ಪಕ್ಕದಲ್ಲೇ ಸಿಪ್ಪೆಗೊಂದು ಬೋಗುಣಿ. ಹೆಚ್ಚುವುದಕ್ಕೂ ಸರದಿಯಿದೆ: ಕ್ಯಾರೆಟ್, ಬೀನ್ಸ್, ಕೋಸು ಮೊದಲು, ಕಣ್ಣೀರು ತರಿಸುವ ಈರುಳ್ಳಿ ಆಮೇಲೆ, ರಸ ಸೋರುವ ಟೊಮೆಟೊ ಕಟ್ಟಕಡೆಗೆ. ಈ ಸರದಿ ತಪ್ಪದಿದ್ದರೆ ನಡುವೆ ಮಣೆ ತೊಳೆಯುವ ಪ್ರಮೇಯವೇ ಬರುವುದಿಲ್ಲ.

"ಮಣೆ ತೊಳೆಯೋಕೆ ಎಷ್ಟು ಹೊತ್ತು ಬೇಕು ಅಂತ ಕೇಳ್ತಾರೆ," ಎನ್ನುತ್ತಾರೆ ಅವರು, ಚಾಕು ನಿಲ್ಲಿಸದೆಯೇ. "ಹೊತ್ತು ಯಾವತ್ತೂ ಇಡಿಯಾಗಿ ಹೋಗಲ್ಲ. ಚಿಲ್ಲರೆಯಾಗೇ ಹೋಗೋದು."

ಬೀದಿಯ ಒಂಬತ್ತು ಮನೆಗಳಿಗೆ ಅವರು ಅರ್ಧಡುಗೆ ಅಕ್ಕ. ಅವಸರದವರಿಗೆ ಅದೂ ಉದ್ದವಾಗಿ, ಬರೀ ಅರ್ಧಕ್ಕ. ಬೆಳಿಗ್ಗೆಗೆ ಮೂರು ಮನೆ, ಮನೆಗೆ ವಾರದಲ್ಲಿ ಎರಡು ಸಲ, ಭಾನುವಾರ ರಜೆ. ಕಾಳು ಬೇಯಿಸುತ್ತಾರೆ. ತರಕಾರಿ ಹೆಚ್ಚಿ ಡಬ್ಬಿಗಳಲ್ಲಿ ತುಂಬುತ್ತಾರೆ. ಸೊಪ್ಪು ತೊಳೆದು, ಆರಿಸಿ, ಬಟ್ಟೆಯಲ್ಲಿ ಸುತ್ತಿಡುತ್ತಾರೆ. ಬೆಳ್ಳುಳ್ಳಿಯನ್ನು ಬಿಸಿನೀರಿಗೆ ಹಾಕಿ, ಅದು ಅಂಗಿ ಬಿಚ್ಚಿದ ಹಾಗೆ ಸಿಪ್ಪೆ ಬಿಟ್ಟಾಗ ಜಜ್ಜುತ್ತಾರೆ. ಈರುಳ್ಳಿ ಟೊಮೆಟೊ ಎರಡನ್ನೂ ಎಣ್ಣೆಯಲ್ಲಿ ಒಂದಾಗುವವರೆಗೆ ಬಾಡಿಸಿ, ಆರಿಸಿ, ಐಸ್ ಟ್ರೇಯ ಗುಳಿಗಳಲ್ಲಿ ಹಾಕಿ ಫ್ರೀಜರಿಗೆ ತಳ್ಳುತ್ತಾರೆ. ಊಟಕ್ಕೆ ಎಷ್ಟು ಜನವೋ ಅಷ್ಟು ಗಟ್ಟಿ ತೆಗೆದು ಬಾಣಲೆಗೆ ಹಾಕಿದರೆ ಸಾಕು. ಇಷ್ಟು ಮಾಡಿ, ಒಲೆ ಒರೆಸಿ, ಚೀಲ ಹೆಗಲಿಗೆ ಹಾಕಿ ಹೊರಟುಬಿಡುತ್ತಾರೆ. ಅಡುಗೆ ಮುಗಿಸುವುದಿಲ್ಲ. ಯಾವ ಮನೆಯಲ್ಲೂ, ಯಾರು ಎಷ್ಟು ಗೋಗರೆದರೂ, ಪಾತ್ರೆಗೆ ಉಪ್ಪು ಹಾಕುವುದಿಲ್ಲ.

"ಉಪ್ಪು ಹಾಕ್ದೇ ಇದ್ರೆ ಆ ಕಾಳು ಯಾವ ದಾರಿಗೆ ಬೇಕಾದ್ರೂ ಹೋಗುತ್ತೆ. ಒಂದಿನ ಸಾರಾಗುತ್ತೆ, ಇನ್ನೊಂದಿನ ಅನ್ನಕ್ಕೆ ಕಲಸೋಕಾಗುತ್ತೆ. ಅದು ಒಂದು. ಇನ್ನೊಂದು, ನಾನು ಮುಗಿಸಿ ಹೋದ್ರೆ ಅದು ಅರ್ಧಕ್ಕ ಮಾಡಿದ ಅಡುಗೆ. ಅವರೇ ಮುಗಿಸಿದ್ರೆ ಅವರ ಮನೆ ಅಡುಗೆ."

ಈ ಕಲಿಕೆಗೆ ಶಾಲೆ ಯಾವುದೂ ಇರಲಿಲ್ಲ. ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಕ್ಕ ವರ್ಷಗಟ್ಟಲೆ ಈರುಳ್ಳಿ ಹೆಚ್ಚಿದವರು. ಅಲ್ಲಿ ಊಟದ ಗಂಟೆ ಹೊಡೆದರೆ ಇನ್ನೂರು ಜನ ಒಟ್ಟಿಗೆ ಬಂದು ತಟ್ಟೆ ಹಿಡಿಯುತ್ತಿದ್ದರು. ಹಿಂದಿನ ದಿನವೇ ಅರ್ಧ ಕೆಲಸ ಮುಗಿಸಿಡದಿದ್ದರೆ ದೇವರೇ ಗತಿ. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು. ಗಂಡ ಲಾರಿಯ ಮೇಲೆ, ಮನೆಗೆ ಬಂದರೆ ಬಂದರು ಇಲ್ಲದಿದ್ದರೆ ಇಲ್ಲ. ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ತಾಯಿ ಇನ್ನೂ ಕ್ಯಾಂಟೀನಿನಲ್ಲಿ. ಹಾಗಾಗಿ ಕ್ಯಾಂಟೀನಿನ ಉಪಾಯವೇ ಮನೆಗೂ ಬಂತು. ಬೇಯಿಸಿಟ್ಟದ್ದು, ಹೆಚ್ಚಿಟ್ಟದ್ದು, ಅಳೆದಿಟ್ಟದ್ದು ಎಲ್ಲ ಕೈಗೆ ಸಿಗುವ ಹಾಗೆ. ದೊಡ್ಡವಳು ಬಂದು ಕಲಸಿ, ಬಿಸಿ ಮಾಡಿ, ತಂಗಿಗೆ ಬಡಿಸುತ್ತಿದ್ದಳು. "ಮಕ್ಕಳಿಗೆ ಅಡುಗೆ ಮಾಡೋಕೆ ಬರ್ದೇ ಇರ್ಬಹುದು. ಮುಗಿಸೋಕೆ ಬರುತ್ತೆ," ಎನ್ನುತ್ತಾರೆ ಅಕ್ಕ. ಕ್ಯಾಂಟೀನ್ ಬಾಗಿಲು ಹಾಕಿದ ಮೇಲೆ ಈ ಒಂದು ಮಾತೇ ಹೊಟ್ಟೆಪಾಡಾಯಿತು. ಮಕ್ಕಳಿಬ್ಬರೂ ಈಗ ತಂತಮ್ಮ ಮನೆಗಳಲ್ಲಿದ್ದಾರೆ.

ಕೆಲಸ ಹೂವಿನ ಹಾಸಿಗೆಯಲ್ಲ. ಮಂಡಿ ಹಿಡಿದುಕೊಳ್ಳುತ್ತದೆ. ಬೆರಳಿಗೆ ಹತ್ತಿದ ಈರುಳ್ಳಿ ವಾಸನೆ ಯಾವ ಸೋಪಿಗೂ ಜಗ್ಗುವುದಿಲ್ಲ. "ಹೇಗೂ ಬಂದಿದೀರಲ್ಲ, ಹಾಗೇ ಮುಗಿಸಿಬಿಡಿ" ಎನ್ನುವವರೊಂದಿಗೆ ದಿನವೂ ಗುದ್ದಾಟ. ಆದರೆ ನಿಜಕ್ಕೂ ಅವರ ಬೆವರಿಳಿಸಿದ್ದು ಈ ಮೂರನೇ ಮಹಡಿಯ ಮನೆ.

ಸೊಸೆ ಆಸ್ಪತ್ರೆಯಲ್ಲಿ ನರ್ಸು, ಮಗ ಬಸ್ಸಿನ ಡ್ರೈವರ್. ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಜೊತೆಗೆ ಡ್ರೈವರನ ತಾಯಿ, ಇಡೀ ಕಟ್ಟಡಕ್ಕೇ ಅಜ್ಜಿ. ಹೋದ ವರ್ಷ ಬಚ್ಚಲಲ್ಲಿ ಜಾರಿಬಿದ್ದ ಮೇಲೆ ಅಜ್ಜಿಯ ಮುರಿದ ಬಲಗೈ ಕೂಡಿಕೊಂಡಿತೇ ಹೊರತು ಹಿಡಿತ ಮರಳಲಿಲ್ಲ. ಒಂದು ಕಾಲಕ್ಕೆ ಹದಿನಾಲ್ಕು ಬಾಯಿಗೆ ಒಬ್ಬರೇ ಬೇಯಿಸಿ ಹಾಕಿದ ಜೀವ ಈಗ ನಡುಮನೆಯ ಕುರ್ಚಿಯಲ್ಲಿ ಕೂತು ಗೋಡೆ ನೋಡುತ್ತಿತ್ತು.

ನರ್ಸು ಇಷ್ಟು ದಿನ ಮಧ್ಯಾಹ್ನದ ಪಾಳಿಯಲ್ಲಿದ್ದರು. ಅಡುಗೆ ಮುಗಿಸಿಯೇ ಮನೆ ಬಿಡಬಹುದಿತ್ತು. ಈಗ ಅವರನ್ನು ಇಡೀ ವಾರ್ಡಿನ ಮುಖ್ಯಸ್ಥೆಯನ್ನಾಗಿ ಮಾಡುತ್ತೇವೆಂದು ಆಸ್ಪತ್ರೆಯವರು ಕರೆದಿದ್ದಾರೆ. ಹತ್ತು ವರ್ಷ ಕಾದ ಸ್ಥಾನ. ಆದರೆ ಅದು ಬೆಳಗಿನ ಪಾಳಿ, ಕತ್ತಲಿರುವಾಗಲೇ ಹೊರಡಬೇಕು. ಗಂಡನದ್ದೂ ಮೊದಲ ಬಸ್ಸು. ಇಬ್ಬರೂ ಹೋದ ಮೇಲೆ ಮಕ್ಕಳ ಹೊಟ್ಟೆಗೆ ಬಿಸಿಯಾಗಿ ಏನಾದರೂ ಹಾಕುವವರು ಯಾರು? ತಿಂಗಳ ಕೊನೆಯೊಳಗೆ ಹೂಂ ಅಥವಾ ಊಹೂಂ ಅನ್ನಬೇಕು. ಊಹೂಂ ಅಂದರೆ ಆ ಸ್ಥಾನ ಬೇರೆಯವರ ಪಾಲು. ಅರ್ಧಕ್ಕನನ್ನು ಕರೆಸಿದ್ದು ಆಗ.

ಹೊಸ ಮನೆಗೆ ಕಾಲಿಟ್ಟರೆ ಅಕ್ಕ ಕೇಳುವ ಮೊದಲ ಪ್ರಶ್ನೆ ಒಂದೇ. ಅಲ್ಲೂ ಅದನ್ನೇ ಕೇಳುತ್ತಾರೆ.

"ಸಿಸ್ಟರ್, ಈ ಮನೇಲಿ ಮುಗಿಸೋ ಕೈ ಯಾವ್ದು?"

"ನಾನೇ ಅಕ್ಕ. ಡ್ಯೂಟಿಯಿಂದ ಬಂದು..."

"ನೀವು ಬರೋದು ಮಧ್ಯಾಹ್ನ. ಮಕ್ಕಳು ಹೋಗೋದು ಬೆಳಿಗ್ಗೆ."

ನರ್ಸು ಗಂಡನ ಮುಖ ನೋಡುತ್ತಾರೆ, ಗಂಡ ಗೋಡೆಯ ಗಡಿಯಾರ ನೋಡುತ್ತಾರೆ. ಕುರ್ಚಿಯಿಂದ ದನಿ ಬರುತ್ತದೆ.

"ನಾನಿನ್ನೂ ಸತ್ತಿಲ್ಲ."

ಎಲ್ಲರ ಕಣ್ಣೂ ಅಜ್ಜಿಯ ಬಲಗೈ ಮೇಲೆ ಬಿದ್ದು, ಅಲ್ಲಿಂದ ಬೇಗ ಬೇರೆಡೆಗೆ ಜಾರುತ್ತದೆ. ಅದನ್ನು ಅಜ್ಜಿ ಕಾಣದೇ ಇರುವವರಲ್ಲ. ಅಂದಿನಿಂದ ಅವರ ಸಿಟ್ಟೆಲ್ಲ ಡಬ್ಬಿಗಳ ಮೇಲೆ.

"ಏನೇ ಇದು, ನಿನ್ನೆ ಹೆಚ್ಚಿದ್ದು ಇವತ್ತು ತಿನ್ನೋದು? ಡಬ್ಬಿ ಊಟ ತಿನ್ನೋಕೆ ನಾನೇನು ಆಸ್ಪತ್ರೇಲಿದೀನಾ?"

"ತರಕಾರಿಗೆ ನಿನ್ನೆ ಇವತ್ತು ಗೊತ್ತಿಲ್ಲ ಅಜ್ಜಿ, ತಣ್ಣಗಿದ್ರೆ ಸಾಕು ಅದಕ್ಕೆ."

"ಬಾಯಿ ಮಾತ್ರ ಪೂರ್ತಿ ಇದೆ. ಕೆಲಸ ಅರ್ಧ."

"ಉಳಿದರ್ಧಕ್ಕೆ ನೀವಿದೀರಲ್ಲ."

ಅಜ್ಜಿ ಮೂತಿ ತಿರುವಿದರು. ಆದರೆ ಮನೆಯವರಿಗೆ ಕಾಣದ ಹಾಗೆ, ಮೊದಲ ವಾರವೇ ಒಂದು ಕೆಲಸ ಮಾಡಿದರು. ಅಕ್ಕ ಎಂದಿನಂತೆ ಉಪ್ಪಿಲ್ಲದ ಕಾಳಿನ ಸಾರನ್ನು ಒಲೆಯ ಮೇಲಿಟ್ಟು ಹೋಗಿದ್ದರು. ನರ್ಸು ಹೊರಡುವ ಮುನ್ನ ಅದನ್ನೊಂದು ಕುದಿ ಕುದಿಸಿ ಉಪ್ಪು ಹಾಕಿದರು. ನಡುಹಗಲು ಬಸ್ಸಿಳಿದು ಬಂದ ಡ್ರೈವರ್, ಅಕ್ಕ ಉಪ್ಪು ಹಾಕುವುದಿಲ್ಲ ಎಂಬುದನ್ನು ನೆನಪಿಟ್ಟುಕೊಂಡು, ತಾವೂ ಒಂದು ಚಮಚ ಹಾಕಿದರು. ಈ ಇಬ್ಬರಲ್ಲಿ ಯಾರನ್ನೂ ನಂಬದ ಅಜ್ಜಿ ಯಾರೂ ಇಲ್ಲದಾಗ ಎದ್ದು ಬಂದು, ಎಡಗೈಯಲ್ಲಿ ಹಿಡಿ ಅಂದಾಜು ಮಾಡಿ, ಮೂರನೆಯ ಸಲ ಹಾಕಿದರು. ಸಂಜೆ ಮಕ್ಕಳು ಮೊದಲ ತುತ್ತಿಗೇ ನೀರಿನ ಲೋಟಕ್ಕೆ ಮುಗಿಬಿದ್ದರು. ಸಾರು ಸಿಂಕಿನ ಪಾಲಾಯಿತು.

"ನಾ ಹೇಳ್ಲಿಲ್ವಾ," ಎಂದರು ಅಜ್ಜಿ. "ಅರ್ಧ ಕಲಿತವಳನ್ನ ಮನೆಗೆ ಕರೆದ್ರೆ ಹೀಗೇ ಆಗೋದು."

ನರ್ಸು ಆ ರಾತ್ರಿ ಊಹೂಂ ಅನ್ನುವುದೆಂದೇ ತೀರ್ಮಾನಿಸಿದ್ದರು. ಹಗಲೆಲ್ಲ ದೊಡ್ಡವರು ಒಬ್ಬರಲ್ಲ ಒಬ್ಬರು ಮನೆಯಲ್ಲಿದ್ದಾಗಲೇ ಒಂದು ಸಾರು ನೆಟ್ಟಗೆ ಇಳಿಯುವುದಿಲ್ಲ ಎಂದಾದರೆ, ಯಾರೂ ಇಲ್ಲದ ಬೆಳಿಗ್ಗೆ ಹೇಗೆ? ಮುಂದಿನ ಸರದಿಗೆ ಬಂದ ಅಕ್ಕನಿಗೆ ಬಾಗಿಲಲ್ಲೇ ಅದನ್ನು ಹೇಳಿಯೂ ಬಿಟ್ಟರು. ಉಪ್ಪು ಹಾಕಿದ್ದು ಯಾರೆಂದು ಅಕ್ಕ ಒಬ್ಬೊಬ್ಬರನ್ನೂ ಕೇಳಿದರು. ಡ್ರೈವರ್ ಒಪ್ಪಿಕೊಂಡರು. ನರ್ಸು ಒಪ್ಪಿಕೊಂಡರು. ಅಜ್ಜಿ ಕಿಟಕಿಯತ್ತ ನೋಡಿದರು, ಅದೂ ಒಪ್ಪಿಗೆಯೇ.

"ಸರಿಹೋಯ್ತು," ಎಂದು ಅಕ್ಕ ನಕ್ಕುಬಿಟ್ಟರು. "ಹಾಕಿದ್ದು ಮೂರು ಜನ, ಬೈಸ್ಕೊಂಡಿದ್ದು ಹಾಕದೇ ಇದ್ದೋಳು!"

ನಕ್ಕಿದ್ದು ಮೇಲೆ ಮೇಲೆ. ಒಳಗೆ ಏನಾಯಿತೆಂದು ಈಗ ಹೇಳುತ್ತಾರೆ. "ತಪ್ಪು ನಂದೇ. ಮುಗಿಸೋ ಕೈ ಯಾವ್ದು ಅಂತ ಕೇಳ್ದೆ. ಒಂದು ಕೈ ನಾನಿನ್ನೂ ಇದೀನಿ ಅಂತ ಕೂಗಿ ಹೇಳ್ತು. ನಾನೂ ಎಲ್ಲರ ಥರ ಆ ಕಡೆ ಈ ಕಡೆ ನೋಡ್ದೆ."

ಅವರು ಉಪ್ಪಿನ ಡಬ್ಬಿ ತೆಗೆದುಕೊಂಡು ಹೋಗಿ ಅಜ್ಜಿಯ ಕುರ್ಚಿಯ ಪಕ್ಕದ ಸ್ಟೂಲಿನ ಮೇಲಿಟ್ಟರು. "ಇವತ್ತಿಂದ ಈ ಮನೇ ಉಪ್ಪು ಅಜ್ಜಿ ಕೈಯಲ್ಲಿ. ಬೇರೆ ಯಾರೂ ಮುಟ್ಟೋ ಹಾಗಿಲ್ಲ. ಸಿಸ್ಟರ್, ನೀವೂನೂ."

"ನನಗ್ಯಾಕೆ ಅದು?" ಎಂದು ಅಜ್ಜಿ ಸಿಡುಕಿದರು. ಡಬ್ಬಿಯನ್ನು ಮಾತ್ರ ವಾಪಸ್ಸು ಕೊಡಲಿಲ್ಲ.

ಅಂದಿನಿಂದ ಪಾತ್ರೆ ಕುರ್ಚಿಗೆ ಬರತೊಡಗಿತು. ಮಗ ಸೌಟು ಹಿಡಿದು ನಿಲ್ಲುವುದು, ತಾಯಿ ರುಚಿ ನೋಡುವುದು, ಚಿಟಿಕೆ ಹಾಕುವುದು, ಮತ್ತೆ ನೋಡುವುದು. ಎರಡು ದಿನಕ್ಕೆ ಡ್ರೈವರಿಗೆ ಕೈ ಸೋತಿತು. "ಅಮ್ಮ, ನೀನೇ ಒಲೆ ಹತ್ರ ಬಾ. ನಾನು ದೇವರಿಗೆ ನೈವೇದ್ಯ ಹಿಡಿದ ಹಾಗೆ ಎಷ್ಟು ಹೊತ್ತು ನಿಂತ್ಕೊಳ್ಲಿ?" ಸ್ಟೂಲು ಅಡುಗೆಮನೆಗೆ ಹೋಯಿತು. ಸ್ಟೂಲಿನ ಹಿಂದೆ ಅಜ್ಜಿಯೂ ಹೋದರು.

ಒಲೆಯ ಮುಂದೆ ಕೂತ ಮೇಲೆ ಅಜ್ಜಿಗೆ ಕಂಡದ್ದೆಲ್ಲ ಕೊರತೆಯೇ. ಬೀನ್ಸ್ ದಪ್ಪವಾಯಿತು. ಕಾಳು ಬೆಂದದ್ದು ಹೆಚ್ಚಾಯಿತು. ಸೊಪ್ಪಿಗೆ ನೀರು ಯಾರು ಇಷ್ಟು ಬಿಟ್ಟಿದ್ದು? ಅಕ್ಕ ಎಲ್ಲದಕ್ಕೂ ಹೂಂಗುಟ್ಟಿದರು. ಬೈಗುಳದಲ್ಲಿ ಬಂದ ಬುದ್ಧಿಮಾತನ್ನು ಆರಿಸಿಕೊಂಡರು. ಕಾಳನ್ನು ಒಂದು ಕುದಿ ಮೊದಲೇ ಇಳಿಸಿ, ಹಳೆಯ ಟವೆಲಿನಲ್ಲಿ ಪಾತ್ರೆ ಸುತ್ತಿಟ್ಟರು. ಉಳಿದದ್ದು ತನ್ನ ಬಿಸಿಯಲ್ಲೇ ಬೆಂದು ಹದಕ್ಕೆ ಬಂತು. ಅದು ಅಜ್ಜಿ ಹೇಳಿಕೊಟ್ಟದ್ದು. ಈಗ ಒಂಬತ್ತೂ ಮನೆಗಳಲ್ಲಿ ಅದೇ ಪದ್ಧತಿ.

ಉಳಿದದ್ದು, ಅಕ್ಕ ಬಾರದ ದಿನ ಹೆಚ್ಚುವುದು. ಒಂದು ಕೈ ಹಿಡಿಯಬೇಕು, ಇನ್ನೊಂದು ಕೈ ಕೊಯ್ಯಬೇಕು. ಅಜ್ಜಿಗೆ ಇರುವುದು ಒಂದೇ. ಅಕ್ಕ ಬೀದಿ ತುದಿಯ ಬಡಗಿಯ ಹತ್ತಿರ ಮಣೆ ಕೊಂಡೊಯ್ದು, ಅಡಿಯಿಂದ ಎರಡು ಸ್ಟೀಲ್ ಮೊಳೆ ಹೊಡೆಸಿಕೊಂಡು ಬಂದರು. ಮೊಳೆಯ ಮೊನೆಗೆ ಆಲೂಗಡ್ಡೆಯನ್ನು ಚುಚ್ಚಿ ಕೂರಿಸಿದರೆ ಅದು ಅಲುಗುವುದಿಲ್ಲ. ಕೊಯ್ಯಲು ಒಂದು ಕೈ ಸಾಕು.

ಅಜ್ಜಿ ಮೊಳೆಯನ್ನು ನೋಡಿದರು, ಅಕ್ಕನನ್ನು ನೋಡಿದರು. "ಇದೇನು, ಆಲೂಗಡ್ಡೇನ ಶೂಲಕ್ಕೇರಿಸೋದಾ?"

"ಅದು ಏನು ತಪ್ಪು ಮಾಡಿತ್ತೋ, ನಿಮ್ಮ ಕೈಗೆ ಸಿಕ್ತು."

ಆ ಮನೆಯಲ್ಲಿ ಅಜ್ಜಿ ನಕ್ಕ ಸದ್ದು ಬಹಳ ದಿನಗಳ ಮೇಲೆ ಕೇಳಿದ್ದು ಅಂದು. ಮಗ ಬಚ್ಚಲಿಂದ ಅರ್ಧ ಶೇವ್ ಮಾಡಿದ ಮುಖದಲ್ಲೇ ಹೊರಬಂದು ಏನಾಯಿತೆಂದು ಕೇಳಿದರಂತೆ.

ಅಕ್ಕ ಅಡುಗೆಮನೆಯನ್ನು ಒಂಟಿ ಕೈಯ ಅಳತೆಗೆ ಇಳಿಸಿದರು. ಭಾರದ ಪಾತ್ರೆ ಎತ್ತುವ ಕೆಲಸವೇ ಬೇಡ, ಸೌಟಿನಲ್ಲಿ ಬಗ್ಗಿಸಿಕೊಂಡರಾಯಿತು. ತಿರುಪಿನ ಮುಚ್ಚಳದ ಡಬ್ಬಿಗಳು ಹೋಗಿ ತಟ್ಟೆ ಮುಚ್ಚಿದ ಬೋಗುಣಿಗಳು ಬಂದವು. ಇಂದು ತಿನ್ನಬೇಕಾದದ್ದು ಫ್ರಿಜ್ಜಿನಲ್ಲಿ ಎದುರಿಗೆ, ನಾಳೆಯದು ಅದರ ಹಿಂದೆ. ಬಾಣಲೆಗಿದ್ದ ಒಂದೇ ಹಿಡಿ ಎಡಕ್ಕೆ ತಿರುಗಿ ನಿಂತಿತು.

ತಿಂಗಳ ಕೊನೆಗೆ ಎರಡು ದಿನವಿರುವಾಗ ಪರೀಕ್ಷೆ ನಡೆಯುತ್ತದೆ. ಬೆಳಗಿನ ಪಾಳಿಯೇ ಬಂದಿದೆ ಎಂಬಂತೆ ನರ್ಸು ಸಮವಸ್ತ್ರ ತೊಟ್ಟು ಕತ್ತಲಲ್ಲೇ ಹೊರಡುತ್ತಾರೆ. ಡ್ರೈವರ್ ಆಗಲೇ ಬಸ್ಸಿನಲ್ಲಿದ್ದಾರೆ. ಅಕ್ಕ ತಮ್ಮ ಪಾಲಿನ ಅರ್ಧ ಮುಗಿಸಿ, ಚೀಲ ಹೆಗಲಿಗೇರಿಸಿ ಕೆಳಗಿಳಿಯುತ್ತಾರೆ. ಎರಡನೇ ಮಹಡಿಯ ತಿರುವಿನಲ್ಲಿ, ಮೆಟ್ಟಿಲ ಮೇಲೆ, ಮೊಣಕಾಲಿಗೆ ಗಲ್ಲ ಕೊಟ್ಟು ನರ್ಸು ಕೂತಿದ್ದಾರೆ.

"ಸಿಸ್ಟರ್! ನೀವು ಹೊರಟಿದ್ರಲ್ಲ?"

"ಕಾಲು ಬರ್ಲಿಲ್ಲ ಅಕ್ಕ. ಗ್ಯಾಸ್ ಆರಿಸ್ತಾರೋ ಇಲ್ವೋ. ಕೈ ಗೀ ಸುಟ್ಕೊಂಡ್ರೆ..."

"ನಿಮ್ಮ ವಾರ್ಡಲ್ಲಿ ಕಾಯಿಲೆಯೋರನ್ನ ಮೊದಲ ಸಲ ಎಬ್ಬಿಸಿ ನಡೆಸುವಾಗ ಏನು ಮಾಡ್ತೀರಿ?"

"ಹಿಂದೆ ನಿಂತ್ಕೊಳ್ತೀವಿ. ಹಿಡ್ಕೊಳ್ಳಲ್ಲ."

"ಹಾಗಾದ್ರೆ ಕೂತ್ಕೊಳ್ಳಿ," ಎಂದು ಅಕ್ಕನೂ ಪಕ್ಕದಲ್ಲೇ ಕೂರುತ್ತಾರೆ. ಮುಂದಿನ ಮನೆಗೆ ತಡವಾಗುತ್ತಿದೆ. ಆಗಲಿ.

ಮೇಲಿನಿಂದ ಸದ್ದುಗಳು ಒಂದೊಂದಾಗಿ ಇಳಿದು ಬರುತ್ತವೆ. ಸ್ಟೂಲು ಎಳೆದದ್ದು. ಬಾಣಲೆ ಕೂತದ್ದು. ಈರುಳ್ಳಿ ಎಣ್ಣೆಯಲ್ಲಿ ಚುರ್ರೆಂದದ್ದು. ಏನೋ ನೆಲಕ್ಕೆ ಬಿದ್ದು ಉರುಳುತ್ತದೆ. ನರ್ಸು ಎದ್ದೇಬಿಡುತ್ತಾರೆ, ಅಕ್ಕ ಸೆರಗು ಹಿಡಿದಂತೆ ಅವರ ಚೀಲದ ಪಟ್ಟಿ ಹಿಡಿದು ಕೂರಿಸುತ್ತಾರೆ. "ಮುಚ್ಚಳ ಅದು. ಖಾಲಿ ಮುಚ್ಚಳದ ಸದ್ದೇ ಹಾಗೆ."

ಆಮೇಲೆ ಅಜ್ಜಿಯ ದನಿ, ಹದಿನಾಲ್ಕು ಜನರನ್ನು ಸಾಲಾಗಿ ಕೂರಿಸಿದ ಕಾಲದ ದನಿ. "ಊದ್ಕೊಂಡು ತಿನ್ನೋ, ರೈಲು ಹೋಗುತ್ತಾ ನಿಂಗೆ? ಏ, ತಟ್ಟೆ ಬಿಟ್ಟು ಏಳೋ ಹಾಗಿಲ್ಲ. ನಿಮ್ಮಪ್ಪನೇ ಎದ್ದಿಲ್ಲ ನನ್ನ ಮುಂದೆ, ನೀನ್ಯಾರು?"

ಸ್ವಲ್ಪ ಹೊತ್ತಿಗೆ ಮಕ್ಕಳು ಮೆಟ್ಟಿಲ ಮೇಲೆ ದಡದಡನೆ ಬರುತ್ತಾರೆ. ಅಡಗಿಕೊಳ್ಳಲು ಜಾಗವಿಲ್ಲ. ದೊಡ್ಡವಳು ತಾಯಿಯನ್ನೂ ಅಕ್ಕನನ್ನೂ ನೋಡಿ ಕಣ್ಣರಳಿಸುತ್ತಾಳೆ. "ಅಮ್ಮ, ಅಜ್ಜಿ ನಿಂಗೆ ಹೇಳು ಅಂದ್ರು. ಗ್ಯಾಸ್ ಆರ್ಸಿದೀನಿ, ಮೆಟ್ಲು ಮೇಲೆ ಕೂತಿರೋಳಿಗೆ ಆಸ್ಪತ್ರೆಗೆ ಹೋಗು ಅನ್ನು, ಅಂತ."

ನರ್ಸು ಮುಖ ಮುಚ್ಚಿಕೊಳ್ಳುತ್ತಾರೆ. ನಗುವೋ ಅಳುವೋ ಅಕ್ಕನಿಗೆ ಗೊತ್ತಾಗುವುದಿಲ್ಲ, ಅವರು ಕೇಳುವುದೂ ಇಲ್ಲ. ಅಂದೇ ಮಧ್ಯಾಹ್ನ ನರ್ಸು ಆಸ್ಪತ್ರೆಯಲ್ಲಿ ಹೂಂ ಎನ್ನುತ್ತಾರೆ.

ಇದಾಗಿ ಒಂದೂವರೆ ತಿಂಗಳು. ವಾರ್ಡಿನ ಬೀಗದ ಕೈಗಳು ಈಗ ನರ್ಸಿನ ಸೊಂಟದಲ್ಲಿವೆ. ಮೂರನೇ ಮಹಡಿಯ ಅಡುಗೆಮನೆ ಅಜ್ಜಿಯದು. ಕಳೆದ ವಾರ ಅವರು ಅಕ್ಕನನ್ನು ಕರೆದು ಖಡಕ್ಕಾಗಿ ಹೇಳಿದರು: "ನೋಡೇ, ಇನ್ಮೇಲೆ ವಾರಕ್ಕೆ ಎರಡು ಸಲ ಬರೋದು ಬೇಡ. ಒಂದ್ಸಲ ಬಾ, ಸಾಕು. ಮಿಕ್ಕಿದ್ದು ನಾನು ನೋಡ್ಕೊಳ್ತೀನಿ."

ಹೀಗಾಗುವುದು ಇದೇ ಮೊದಲಲ್ಲ. ಮನೆಯವರ ಕೈ ಕುದುರಿದಷ್ಟೂ ಅಕ್ಕನ ಕೆಲಸ ಕರಗುತ್ತದೆ. ಹಿಂದೆ ಹೀಗೆ ಆರೇಳು ಮನೆಗಳು ಪೂರ್ತಿ ಕೈಬಿಟ್ಟಿವೆ. ಬೇರೆ ಯಾರಾದರೂ ಆಗಿದ್ದರೆ ಒಂದು ಉಪಾಯವನ್ನಾದರೂ ಬಚ್ಚಿಟ್ಟುಕೊಳ್ಳುತ್ತಿದ್ದರೇನೋ. "ಬಚ್ಚಿಡೋಕೆ ನನ್ನ ಹತ್ರ ಏನಿದೆ? ಒದ್ದೆ ಬಟ್ಟೆ ಹಾಕಿ ಅನ್ನೋದೂ ಒಂದು ಗುಟ್ಟಾ?" ಎಂದು ಕೇಳುತ್ತಾರೆ ಅಕ್ಕ. ಆಮೇಲೆ ತಾವೇ ಲೆಕ್ಕ ಹಾಕಿ ನಗುತ್ತಾರೆ. "ಈಗ ನಂಗೆ ಎಂಟೂವರೆ ಮನೆ. ನನ್ನ ಹೆಸರಿಗೆ ಸರಿಹೋಯ್ತು."

ಆದರೆ ಅಂದು ಅಜ್ಜಿ ಅಷ್ಟಕ್ಕೇ ಬಿಡಲಿಲ್ಲ. ಚೀಲ ಎತ್ತಿಕೊಂಡ ಅಕ್ಕನಿಗೆ ಎಡಗೈಯಲ್ಲಿ ಸ್ಟೂಲು ತೋರಿಸಿದರು.

"ಕೂತ್ಕೋ."

"ಕೆಳಗಿನ ಮನೆಯೋರು ಕಾಯ್ತಿರ್ತಾರೆ ಅಜ್ಜಿ."

"ಕಾಯ್ಲಿ. ಹತ್ತು ನಿಮಿಷ ಇದ್ರೆ ಇದು ಮುಗಿಯುತ್ತೆ." ಅಜ್ಜಿ ಬಾಣಲೆಯಲ್ಲಿ ಕೈಯಾಡಿಸುತ್ತಲೇ ಕೇಳಿದರು. "ಇಷ್ಟು ವರ್ಷದಿಂದ ಎಲ್ಲರ ಮನೇಲೂ ಅರ್ಧ ಮಾಡಿ ಓಡ್ತೀಯಲ್ಲ. ಮುಗಿದ ಮೇಲೆ ಯಾವತ್ತಾದ್ರೂ ತಿಂದಿದೀಯೇನೇ?"

ಅಕ್ಕ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದರು. ಬೀನ್ಸ್ ಎಷ್ಟು ಸಣ್ಣಗಿದ್ದರೆ ಯಾವ ಮಗುವಿಗೆ ಸೇರುತ್ತದೆ, ಯಾವ ಮನೆಯಲ್ಲಿ ಟೊಮೆಟೊ ಹುಳಿ ಹೆಚ್ಚು ಬೇಕು, ಎಲ್ಲ ಬೆರಳ ತುದಿಯಲ್ಲಿದೆ. ಆ ಅಡುಗೆಗಳು ಕೊನೆಗೆ ಹೇಗಿರುತ್ತವೆ ಎಂಬುದು ಒಂದು ಮನೆಯದ್ದೂ ಗೊತ್ತಿಲ್ಲ. ಅಂದೂ ಅವರು ಕೂರಲಿಲ್ಲ. ಕೆಳಗಿನ ಮನೆಯವರು ಫೋನು ಮಾಡಿ ಆಗಿತ್ತು.

"ಮುಂದಿನ ಸಲ ಹತ್ತು ನಿಮಿಷ ಮುಂಚೆ ಎದ್ದು ಬರ್ತೀನಿ ಅಂತ ಅಜ್ಜಿಗೆ ಹೇಳಿ ಬಂದಿದೀನಿ," ಎನ್ನುತ್ತಾರೆ ಅಕ್ಕ, ಕೆಳಗಿನ ಮನೆಯಲ್ಲಿ ಚಾಕು ತೊಳೆದು ಬಟ್ಟೆಯಲ್ಲಿ ಸುತ್ತುತ್ತ. "ಕೂತೇ ತಿನ್ಬೇಕು ಅಂತ ಆಸೆ. ಡಬ್ಬಿಗೆ ಹಾಕಿಸ್ಕೊಂಡು ಹೋಗಿ ಅಲ್ಲ. ಅವರು ಬಡಿಸಿದ್ದನ್ನ, ಬಿಸಿ ಇರೋವಾಗ್ಲೇ."